ನಗುವ ಸುಗಲಮ್ಮನಿಗೆ ಮಾಲೆ

ದುರಗಪ್ಪ: ನಮ್ಮವ್ವನ್ನ ಕೊಂದೆಲ್ಲೋ ಮಾರಾಯಾ! ಹಾಡಾಹಗಲ, ನಡುಬಜಾರದಾಗ, ನಾಕ ಮಂದಿ ನೋಡಾಕತ್ತಾಗ ಕೊಂದೆಲ್ಲೋ!

ಶರಣಕುಮಾರ: ಅಣ್ಣಾ, ನಾ ಯಾರನ್ನೂ ಕೊಂದಿಲ್ರಿ. ಬರೇ ಫೋಟೋ ತಗದೀನ್ರಿ.

ದುರಗಪ್ಪ: ತಗದು ನಿನ್ನ ಡಬ್ಬಿಯಾಗ ಇಟ್ಕೊಂಡಿದ್ರ ಬ್ಯಾರೆ ಮಾತು. ದೊಡ್ಡದು ಮಾಡೀ, ಫ್ರೇಮ್ ಹಾಕೀ, ಅಂಗಡಿ ಮುಂದ ತೂಗ ಹಾಕೀ, ಮ್ಯಾಲ ಚೆಂಡ ಹೂವಿನ ಮಾಲಿ! ಇನ್ನೇನ ಉಳೀತು? ಊದಿನಕಡ್ಡಿ ಹಚ್ಚೂದೊಂದು ಉಳದದ.

ಶರಣಕುಮಾರ: ಅದನ್ನೂ ಹಚ್ಚಿದ್ವಿರಿ. ಆದ್ರ ಬುದ್ಧರ ಮುಂದ ಹಚ್ಚಿದ್ವಿ. ಹೊಗಿ ಇತ್ತಾಗ ಬಂತು.

ಸುರಪುರದ ಬಜಾರಿನಲ್ಲಿ, ಚಹಾದ ಹೋಟೆಲಿಗೂ ಬಳೆ ಅಂಗಡಿಗೂ ನಡುವೆ, ಒಬ್ಬ ಮನುಷ್ಯ ಸರಿಯಾಗಿ ಮಗ್ಗಲು ಬದಲಿಸಲೂ ಆಗದಷ್ಟು ಜಾಗದಲ್ಲಿ ಶರಣಕುಮಾರನ ಅಂಗಡಿ ಇದೆ. ಬೋರ್ಡಿನ ಮೇಲೆ ‘ಬೀದಿ ಛಾಯಾಗ್ರಹಣ’ ಎಂದು ಬರೆಸಿದ್ದಾನೆ. ಹಾಗೆಂದರೇನು ಎಂದು ಊರಿಗೆ ಗೊತ್ತಿಲ್ಲ; ಬೀದಿಯದು ಅಂದಮೇಲೆ ಪುಕ್ಕಟೆ ಸಿಗುವಂಥದ್ದೇ ಇರಬೇಕು ಎಂದು ಊರು ತಿಳಿದಿದೆ. ಅಂಗಡಿ ತೆರೆದ ಮೇಲೆ ಒಳಗೆ ಕಾಲಿಟ್ಟ ಮೊದಲ ಮನುಷ್ಯ ಈ ದುರಗಪ್ಪ. ಶಹಾಪುರದಲ್ಲಿ ಸಣ್ಣದೊಂದು ನೌಕರಿ, ದಿನಾ ಬಸ್ಸಿನಲ್ಲಿ ಓಡಾಟ. ಇವತ್ತು ಮಧ್ಯಾಹ್ನವೇ ಬಸ್ಸಿಳಿದು ನೇರ ಇಲ್ಲಿಗೇ ನುಗ್ಗಿದ್ದಾನೆ.

ಅವನ ತಾಯಿ ಸುಗಲಮ್ಮ ಇದೇ ಬಜಾರಿನಲ್ಲಿ ಪುಂಡಿಪಲ್ಲೆ ಸೊಪ್ಪು ಮಾರುವವಳು. ಗಟ್ಟಿಮುಟ್ಟಾಗಿ ಬದುಕಿದ್ದಾಳೆ. ಆದರೆ ನಮ್ಮ ಕಡೆ ಒಬ್ಬರೇ ಇರುವ ದೊಡ್ಡ ಫೋಟೋಕ್ಕೆ ಮಾಲೆ ಬಿತ್ತೆಂದರೆ ಅದಕ್ಕೆ ಒಂದೇ ಅರ್ಥ. ಬೆಳಕು, ನೆರಳು, ಕೋನ ಎಲ್ಲ ಬಲ್ಲ ಶರಣಕುಮಾರನಿಗೆ ಅದೊಂದು ಹೊಳೆಯಲಿಲ್ಲ ನೋಡಿ!

ಮಾತು ಕೇಳಿ ಹಿಂದಿನ ಮನೆಯಿಂದ ಅವನ ಹೆಂಡತಿ ಪಂಚಶೀಲಾ ಚಹಾ ಹಿಡಿದುಕೊಂಡು ಓಡಿಬಂದಳು. ಆಕೆ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಸದ್ಯಕ್ಕೆ ಆ ಮನೆಯ ಒಲೆ ಉರಿಯುವುದು ಆಕೆಯ ಸಂಬಳದಿಂದ.

ಪಂಚಶೀಲಾ: ಬರ್ರಿ ಅಣ್ಣಾ, ಬರ್ರಿ! ಕುಂದರ್ರಿ. ಮೊದಲ ಚಾ ಕುಡೀರಿ. ಎಂಥಾ ಫೋಟೋ ಆಗಬೇಕ್ರಿ? ಪಾಸ್‌ಪೋರ್ಟಿಂದೋ, ಮನಿಮಂದಿದೋ?

ದುರಗಪ್ಪ: ಮಣ್ಣಿಂದು!

ಪಂಚಶೀಲಾ: ಅಯ್ಯ ಪಾಪ! ಯಾರ್ರಿ ತೀರಕೊಂಡಾರ?

ದುರಗಪ್ಪ: ನಮ್ಮವ್ವ!

ಪಂಚಶೀಲಾ: ಎಂದ್ರಿ?

ದುರಗಪ್ಪ: ನಿನ್ನಿ. ನೀವು ಮಾಲಿ ಹಾಕಿದಾಗ!

ಪಂಚಶೀಲಾ ಹೊರಗೆ ಹೋಗಿ ಫೋಟೋ ನೋಡಿದಳು, ಒಳಗೆ ಬಂದು ದುರಗಪ್ಪನ ಮುಖ ನೋಡಿದಳು.

ಪಂಚಶೀಲಾ: ಇವರು ನಿಮ್ಮವ್ವಾರೇನ್ರಿ? ಮುಂಜಾನೆ ನನಗ ಪಲ್ಲೆ ಕೊಟ್ಟಾರಲ್ರಿ. ಮ್ಯಾಲ ಕೊತಂಬರಿ ಬ್ಯಾರೆ ಪುಕ್ಕಟೆ ಕೊಟ್ಟಾರ.

ದುರಗಪ್ಪ: ಹೂಂನವಾ, ಸತ್ತ ಮ್ಯಾಲ ಭಾಳ ಧಾರಾಳ ಆಗ್ಯಾಳ!

ಶರಣಕುಮಾರ: ಅಣ್ಣಾ, ಸಿಟ್ಟ ಬಿಡ್ರಿ. ಒಂದ ಮಾಲಿ ನೋಡಿ ಯಾರರೇ ಖರೇ ಅಂದ್ಕೋತಾರೇನು?

ದುರಗಪ್ಪ: ಅಂದ್ಕೋತಾರೇನು ಅಂತ ಕೇಳ್ತೀ? ನಮ್ಮ ಸೋದರಮಾವನ ಮಗ ಬೀಜ ಒಯ್ಯಾಕ ತಿಂಥಣಿಯಿಂದ ಬಂದಿದ್ದ. ಮಾಲಿ ನೋಡ್ಯಾನ. ಕೇಳಿಲ್ಲ, ವಿಚಾರಿಸಿಲ್ಲ. ಫೋನಿನಾಗ ಹಿಡದು ಸ್ಟೇಟಸ್ ಇಟ್ಟಾನ, ‘ಸೋದರತ್ತಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಅಂತ. ಈಗ ತಿಂಥಣಿಯಿಂದ ಟಂಟಂ ಆಟೋ ತುಂಬ ಮಂದಿ ಇಳದಾರ. ಬಳಿಚಕ್ರದಾಗಿಂದ ನಮ್ಮಕ್ಕನ ಅತ್ತಿ ಬಂದಾಳ. ಭಜನಿ ಮೇಳ ಸುದ್ದಾ ಬಂದದ!

ಶರಣಕುಮಾರ: ಭಜನಿಯವರಿಗೆ ಅವ್ವಾರು ಆರಾಮ ಅದಾರ ಅಂತ ಹೇಳಬೇಕಿತ್ರಿ.

ದುರಗಪ್ಪ: ನನ್ನ ಹೇಣ್ತಿ ಹೇಳ್ಯಾಳಂತ. ‘ಇಷ್ಟ ದೂರ ಬಂದೀವಿ, ಪದಾ ಹಾಡದ ಹ್ಯಾಂಗ ಹೋಗೂಣು’ ಅಂತ ಪಡಸಾಲ್ಯಾಗ ಕುಂತಾರಂತ! ಬಸ್ಸಿನ್ಯಾಗ ಇದ್ದಾಗ ಆಕಿ ಫೋನ್ ಹಚ್ಚಿ ಇದನ್ನೆಲ್ಲಾ ಹೇಳಿದ್ಲು, ನಾ ಇತ್ತಾಗ ಬಂದೆ.

ಶರಣಕುಮಾರ: ನೋಡ್ರಿ, ಫೋಟೋ ನಂದು ಖರೇ. ಆದ್ರ ಮಾಲಿ ಹಾಕಿದಾಕಿ ಇಕಿ.

ಪಂಚಶೀಲಾ: ಹೌದ್ರಿ, ನಾನ. ಬಾಬಾಸಾಹೇಬರ ಫೋಟೋಕ್ಕ ತಂದ ಮಾಲ್ಯಾಗ ಒಂದ ಹೆಚ್ಚಿಗಿ ಉಳದಿತ್ತು. ಅಂಗಡಿ ಬೋಳ ಬೋಳ ಕಾಣಸ್ತಿತ್ತು. ಹೂವು ಇದ್ರ ನಾಕ ಮಂದಿ ನಿಂತ ನೋಡ್ತಾರ ಅಂದೆ. ನೋಡ್ಯಾರಲ್ಲ!

ದುರಗಪ್ಪ: ನೋಡಿ ಕೈ ಮುಗದು ಹೋಗ್ಯಾರ!

ಪಂಚಶೀಲಾ: ಕೈ ಮುಗ್ಯಾಕರೇ ನಿಂತಾರ. ಇಷ್ಟ ದಿನಾ ಅದೂ ಇರ್ಲಿಲ್ರಿ. ಈ ಮನುಷ್ಯಾನ ಧಂದೆ ಕೇಳ್ರಿ ಅಣ್ಣಾ. ದಿನಾ ಬಜಾರ ತಿರಗತಾರ. ಹೇಳಿ ಫೋಟೋ ತಗಿಯಂಗಿಲ್ಲ, ಕ್ಯಾಮೆರಾ ನೋಡಿದವರದು ತಗಿಯಂಗಿಲ್ಲ, ‘ನಂದೊಂದು ತಗಿ’ ಅಂದವರದಂತೂ ತಗಿಯಂಗಿಲ್ಲ. ತಗಸಿಕೊಂಡವರಿಗೇ ತಗಸಿಕೊಂಡೀವಿ ಅಂತ ಗೊತ್ತಿಲ್ಲ. ರೊಕ್ಕ ಯಾರ ಕೊಡಬೇಕ್ರಿ?

ಶರಣಕುಮಾರ: ಅದಕ್ಕ ಕಲಾ ಅಂತಾರ.

ಪಂಚಶೀಲಾ: ನಮ್ಮ ಕಡಿ ಅದಕ್ಕ ಕಳವು ಅಂತಾರ.

ದುರಗಪ್ಪ: ಅಲ್ಲೋ, ಮದಿವಿ ಫೋಟೋ ತಗಿಯಾಕ ಏನ ಧಾಡಿ ನಿನಗ?

ಶರಣಕುಮಾರ: ಮದಿವ್ಯಾಗ ಎಲ್ಲಾರೂ ಸುಳ್ಳ ಸುಳ್ಳ ನಗ್ತಾರ್ರಿ.

ಪಂಚಶೀಲಾ: ನಮ್ಮ ಮದಿವ್ಯಾಗ ನಾನೂ ಹಂಗ ನಕ್ಕೀನಿ. ಆದ್ರ ಫೋಟೋದಾಂವಗ ರೊಕ್ಕ ಮುಟ್ಟ್ಯಾವ! ಅಣ್ಣಾ, ನಾಳಿ ಯಾದಗಿರಿಯಿಂದ ಒಬ್ಬಾಂವ ಈ ಕ್ಯಾಮೆರಾ ಒಯ್ಯಾಕ ಬರ್ತಾನ. ಅಷ್ಟರಾಗ ಒಬ್ಬ ಗಿರಾಕಿ ಬಂದ್ರೂ ಮಾರಂಗಿಲ್ಲ ಅಂತ ಇವರಿಗೆ ಮಾತ ಕೊಟ್ಟೀನಿ. ಬರದಿದ್ರ ನಮ್ಮಣ್ಣನ ಗೊಬ್ಬರದ ಅಂಗಡ್ಯಾಗ ಚೀಲ ಎಣಿಸಾಕ ಕುಂದರತಾರ. ನೀವು ಬಂದ್ರಲ್ಲ, ಗಿರಾಕಿ ಅಂತ ಸಂತೋಷಪಟ್ಟೆ.

ಶರಣಕುಮಾರ ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡ. ನೋಡಿದವರಿಗೆ ನಗು ಬರುವಂತಿತ್ತು. ರಗಳೆಯೇ ಬೇಡವೆಂದು ಹೊರಗೆ ಹೋಗಿ ಮಾಲೆ ತೆಗೆದು ಬಂದ.

ಶರಣಕುಮಾರ: ತಗೋರಿ, ಮಾಲಿ ತಗದೆ. ಮುಗೀತಲ್ಲ?

ದುರಗಪ್ಪ: ಏ ಹುಚ್ಚಪ್ಪಾ! ಮಾಲಿ ತಗದ್ರ ಸೀರಿ ಕಾಣಸ್ತದ!

ಶರಣಕುಮಾರ: ಸೀರಿ ಕಂಡ್ರ ಏನಾತ್ರಿ?

ದುರಗಪ್ಪ: ಹೆಗಲ ಮ್ಯಾಲ ನೋಡು, ಎಷ್ಟುದ್ದ ಹರದದ! ಮಾಲಿ ಸಂದಿನಾಗ ಕಂಡಷ್ಟಕ್ಕ ನಮ್ಮ ಮಾಮಿ ಫೋನಿನಾಗ ಅಳೂದ ಬಿಟ್ಟು, ‘ನೌಕರಿದಾರ ಮಗ ಅದೀ, ಅವ್ವಗ ಒಂದ ಸೀರಿ ತಂದಿಲ್ಲೇನೋ’ ಅಂದ್ಲು. ಪೂರಾ ಕಂಡ್ರ ಸುಮ್ನ ಬಿಡ್ತಾಳೇನು? ಏ ತಮ್ಮಾ, ನಿನ್ನ ಕಂಪ್ಯೂಟರದಾಗ ಇದನ್ನ ಚಂದ ಮಾಡು. ಇಳಕಲ್ ಸೀರಿ ಉಡಸು. ಕೊರಳಾಗ ಬಂಗಾರ ಹಾಕು. ಬಾಯಾಗ ಹಲ್ಲ ಕುಂದರಸು.

ಶರಣಕುಮಾರ: ಕೈಯಾಗಿನ ಪಲ್ಲೆ ಪೆಂಡಿ?

ದುರಗಪ್ಪ: ತಗದ ಒಗಿ! ಆ ನಗೂದೂ ಬ್ಯಾಡ. ಬಾಯಿ ಮುಚ್ಚಸು. ಬಾಜೂಕ ನನ್ನ ನಿಂದರಸು, ಕೈ ಆಕಿ ಹೆಗಲ ಮ್ಯಾಲ ಇರಲಿ.

ಶರಣಕುಮಾರ: ಮತ್ತ ಅವ್ವಾರದು ಏನ ಉಳೀತ್ರಿ ಇದರಾಗ?

ದುರಗಪ್ಪ: ಕೆಳಗ ಹೆಸರ ಬರಿ!

ಪಂಚಶೀಲಾ: ಹಾಕ್ರಿ! ಬಂಗಾರ ಹಾಕಾಕ ನಿಮ್ಮಪ್ಪನ ಗಂಟೇನ ಹೋಗ್ತದ? ಬೇಕಾದ್ರ ಎರಡೆಳಿ ಹಾಕ್ರಿ. ಗಿರಾಕಿ ಗಿರಾಕಿನ!

ಶರಣಕುಮಾರ: ಆಗಂಗಿಲ್ಲ. ಗೊಬ್ಬರದ ಚೀಲ ಬೇಕಾದ್ರ ಎಣಸ್ತೀನಿ, ಆ ನಗು ಮುಟ್ಟಂಗಿಲ್ಲ. ಒಬ್ಬ ಹೆಣ್ಣಮಗಳು ಪೆಂಡಿ ಬಿಚ್ಚಿ ಎಲಿ ಎಣಿಸಿ ಚೌಕಾಶಿ ಮಾಡಾಕತ್ತಿದ್ಲು. ಅದನ್ನ ನೋಡಿ ನಕ್ಕಾರ ಅವ್ವಾರು. ಅಂಥಾ ನಗು ಯಾವ ಸ್ಟುಡಿಯೋದಾಗ ಸಿಗ್ತದ್ರಿ?

‘ಏನೋ ತಮ್ಮಾ, ಇಲ್ಲೇ ನಿಂತಿ?’ ಎಂದು ಬಾಗಿಲಲ್ಲಿ ದನಿ ಕೇಳಿತು. ಕಂಕುಳಲ್ಲಿ ಪಲ್ಲೆಯ ಬುಟ್ಟಿ, ಮೈಮೇಲೆ ಅದೇ ಸೀರೆ, ಹೆಗಲ ಮೇಲೆ ಅದೇ ಹರಿದ ಗುರುತು. ಸುಗಲಮ್ಮನನ್ನು ಕಂಡು ದುರಗಪ್ಪ ಕುರ್ಚಿಯಿಂದ ಎದ್ದೇ ಬಿಟ್ಟ.

ಸುಗಲಮ್ಮ: ಯಾಕೋ, ದೆವ್ವ ಕಂಡಂಗ ಹೌಹಾರತಿ? ಸತ್ತಾಕಿ ನಾ, ಬೆವತಾಂವ ನೀ!

ದುರಗಪ್ಪ: ಯವ್ವಾ, ನೀ ಮನಿಗಿ ನಡಿ. ಈ ಫೋಟೋದಾಂವನ್ನ ನಾ ನೋಡ್ಕೋತೀನಿ.

ಸುಗಲಮ್ಮ: ಇಂವನ್ನೇನ ನೋಡ್ತೀ? ಇವರು ಬರೇ ಮಾಲಿ ಹಾಕ್ಯಾರ. ಜೀವಾ ತಗದಾಂವ ನೀ.

ಪಂಚಶೀಲಾ: ಹಂಗಂದ್ರ ಏನ್ರಿ ಯವ್ವಾ?

ಸುಗಲಮ್ಮ: ಕೇಳವಾ. ನಮ್ಮಣ್ಣ ದ್ಯಾವಪ್ಪ ಶ್ಯಾಣ್ಯಾ ಮನುಷ್ಯಾ, ಫೋನಿನಾಗ ಬಂದದ್ದೆಲ್ಲಾ ನಂಬಾಂವಲ್ಲ. ಖರೇನೋ ಸುಳ್ಳೋ ಕೇಳೂಣು ಅಂತ ಶಹಾಪುರದಾಗಿದ್ದ ನನ್ನ ಮಗಗ ಫೋನ್ ಹಚ್ಯಾನ. ಮಗರಾಯ ಏನಂದಾನ ಅಂದಿ?

ದುರಗಪ್ಪ: ಯವ್ವಾ, ಮಂದಿ ಮುಂದ...

ಸುಗಲಮ್ಮ: ‘ಹೌದ್ರಿ ಮಾವ, ರಾತ್ರಿಯಿಂದ ಭಾಳ ತ್ರಾಸ ಇತ್ತು. ನನ್ನ ಕೈಲೆ ನೀರ ಕುಡದು, ನನ್ನ ತೊಡಿ ಮ್ಯಾಲೇ ಜೀವಾ ಬಿಟ್ಟಳು’ ಅಂದಾನ! ಆಮ್ಯಾಲನ ಟಂಟಂ ಹೊಂಟದ್ದು.

ಶರಣಕುಮಾರ ಕೈಯಲ್ಲಿದ್ದ ಮಾಲೆಯನ್ನೇ ನೋಡುತ್ತ ನಿಂತ. ಪಂಚಶೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆದರೂ ನಗು ಹೊರಗೆ ಬಂತು.

ಪಂಚಶೀಲಾ: ಹಂಗ್ಯಾಕ ಅಂದ್ರಿ ಅಣ್ಣಾ?

ದುರಗಪ್ಪ: ಮತ್ತೇನ ಅನ್ನಬೇಕಿತ್ತವಾ? ಆ ಕಡಿ ಮಾವ ಅಳಾಕತ್ತಾನ. ‘ನನಗ ಖಬರ್ ಇಲ್ರಿ’ ಅಂದ್ರ ಇಜ್ಜತ್ ಉಳೀತದೇನು? ಒಂದ ಮನ್ಯಾಗ ಇರ್ತೀವಿ!

ಸುಗಲಮ್ಮ: ಒಂದ ಮನ್ಯಾಗ ಇರೂದು ಖರೇ. ಇಂವ ಏಳೂದ್ರಾಗ ನಾ ಬಜಾರಕ್ಕ ಬಂದಿರ್ತೀನಿ, ಇಂವ ಬರೂದ್ರಾಗ ನಾ ಮಕ್ಕೊಂಡಿರ್ತೀನಿ. ಐತವಾರ ಫೋನ್ ಹಿಡಕೊಂಡು ಮೂಲ್ಯಾಗ ಕುಂದರತಾನ. ಸತ್ತಾಳ ಅಂದ್ರ ಇದ್ರೂ ಇರಬಹುದು ಅಂತ ಅನಸ್ಯದ ಪಾಪ.

ಶರಣಕುಮಾರ: ಅಣ್ಣಾ, ಹಂಗಿದ್ರ ಈ ಸೀರಿ ಹರದದ್ದೂ ನೀವು ನನ್ನ ಫೋಟೋದಾಗ ಮೊದಲ ನೋಡಿದ್ದೇನ್ರಿ?

ದುರಗಪ್ಪ ತಣ್ಣಗಾಗಿದ್ದ ಚಹಾ ಎತ್ತಿ ಕುಡಿದ.

ಪಂಚಶೀಲಾ: ಯವ್ವಾ, ನಮ್ಮದು ತಪ್ಪಾತ್ರಿ. ನಿಮಗ ಭಾಳ ಬ್ಯಾಸರ ಆಗಿರಬೇಕು.

ಸುಗಲಮ್ಮ: ಬ್ಯಾಸರ? ನನ್ನ ಜಿಂದಗ್ಯಾಗ ಇಂಥಾ ದಿನಾ ಕಂಡಿಲ್ಲ ತಂಗಿ! ಹೊಲದ ಬದುವಿನ ಸಲುವಾಗಿ ನಮ್ಮಣ್ಣ ನನ್ನ ಕೂಡ ಮಾತ ಬಿಟ್ಟಿದ್ದ. ಬಂದು ತಬ್ಬಕೊಂಡು ಅತ್ತಾನ, ‘ಬದು ನಿಂದ ಇರಲಿ’ ಅಂದಾನ. ಬಳಿಚಕ್ರದ ಬೀಗತಿ ಇಳದಾಕಿನ ಮೊದಲ ನನ್ನ ಕಿವ್ಯಾಗಿನ ಬುಗುಡಿ ನೋಡಿದ್ಲು, ಆಮ್ಯಾಲ ಮಾರಿ ನೋಡಿದ್ಲು. ಯಾರ ಎಂಥವರು ಒಂದ ಹೊತ್ತಿನ್ಯಾಗ ಗೊತ್ತಾತು.

ಶರಣಕುಮಾರ: ಭಜನಿಯವರು ಹೋದ್ರೇನ್ರಿ?

ಸುಗಲಮ್ಮ: ಎರಡ ಪದಾ ಹಾಡಿಸಿ ಕಳಿಸೀನಿ. ತಬಲಾ ಬಿಗಿ ಇರ್ಲಿಲ್ಲ. ಖರೇ ಮಣ್ಣಿಗಿ ಇವರನ್ನ ಕರೀಬ್ಯಾಡ್ರಿ ಅಂತ ಸೊಸಿಗಿ ಹೇಳಿ ಬಂದೀನಿ. ಅದಿರಲಿ, ಮಾಲಿ ಯಾಕ ತಗದೀ ತಮ್ಮಾ? ಹಾಕು, ಹಾಕು. ನಮ್ಮ ತಂಗಿ ಇನ್ನೂ ಬರೂದದ.

ಆಗಲೇ ಬಾಗಿಲಲ್ಲಿ ನೆರಳು ಹೆಚ್ಚಿತು. ಬಜಾರಿನ ಮುದುಕಿಯರು, ಉಳ್ಳಾಗಡ್ಡಿಯವಳು, ಮೆಣಸಿನಕಾಯಿಯವಳು, ಎಲ್ಲರೂ ತಮ್ಮ ತಮ್ಮ ಬುಟ್ಟಿ ಬಿಟ್ಟು ಬಂದಿದ್ದರು. ಮುಂದೆ ನಿಂತವಳು ಉಳ್ಳಾಗಡ್ಡಿ ಮಾರುವ ಬಾಲಮ್ಮ.

ಬಾಲಮ್ಮ: ತಮ್ಮಾ, ನಂದೂ ಒಂದ ತಗಿಯಪ್ಪಾ. ಮಾಲಿ ಹಾಕಿ ಒಂದ ವಾರ ತೂಗ ಹಾಕು. ನಮ್ಮ ತವರಮನಿಯವರು ಬರ್ತಾರೋ ಇಲ್ಲೋ, ನೋಡೇ ಬಿಡೂಣು.

ಶರಣಕುಮಾರ: ಯವ್ವಾ, ಅದು ಮೋಸ ಆಗ್ತದ್ರಿ!

ಬಾಲಮ್ಮ: ಏನ ಮೋಸ? ಸತ್ತಾಳ ಅಂತ ನೀ ಬರೀಬ್ಯಾಡ. ಫೋಟೋಕ್ಕ ಹೂವು ಹಾಕೂದು ತಪ್ಪೇನು? ಉಳದದ್ದು ಮಂದಿ ತಾವ ತಿಳಕೋತಾರ.

ಶರಣಕುಮಾರ: ಅಷ್ಟಕ್ಕ ನನ್ನ ಫೋಟೋ ಯಾಕ್ರಿ? ಆಧಾರ್ ಕಾರ್ಡಿನ್ಯಾಗ ಅದ ಅಲ್ಲ, ಅದನ್ನ ದೊಡ್ಡದು ಮಾಡಸ್ರಿ.

ಸುಗಲಮ್ಮ: ಅದನ್ನ ನೋಡಿ ಯಾರ ಅಳ್ತಾರೋ ಹುಚ್ಚಾ? ‘ಹೋದ್ರ ಹೋಗಲಿ’ ಅಂತಾರ. ನಗೂ ಮಾರಿ ಕಂಡ್ರ ಅಳು ಬರ್ತದ. ನಗೂ ಮಾರಿ ಹಿಡಿಯೂದು ಈ ಊರಾಗ ನಿನಗೊಬ್ಬಗ ಬರ್ತದ.

ಅವನ ಕಲೆಯನ್ನು ಇಷ್ಟು ಸರಿಯಾಗಿ ಇದುವರೆಗೆ ಯಾರೂ ಹೊಗಳಿರಲಿಲ್ಲ. ಇಂಥ ಕೆಲಸಕ್ಕೆ ಹೊಗಳುತ್ತಾರೆಂದು ಅವನೂ ಎಣಿಸಿರಲಿಲ್ಲ. ಶರಣಕುಮಾರನ ಕಣ್ಣು ಒದ್ದೆಯಾದವು, ಸಂತೋಷಕ್ಕೋ ದುಃಖಕ್ಕೋ ಅವನಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಪಂಚಶೀಲಾ ಯಾದಗಿರಿಗೆ ಫೋನ್ ಮಾಡಿ, ಕ್ಯಾಮೆರಾ ಮಾರಂಗಿಲ್ರಿ, ಬರಬ್ಯಾಡ್ರಿ ಎಂದು ಹೇಳಿ ಮುಗಿಸಿದ್ದಳು.

ಪಂಚಶೀಲಾ: ಕೇಳ್ರಿ ಎಲ್ಲಾರೂ! ಫೋಟೋದ ರೊಕ್ಕ ಬ್ಯಾರೆ, ಮಾಲಿದು ಬ್ಯಾರೆ. ಅಳಕೋತ ಬಂದವರಿಗೆ ಚಾ ಕುಡಸೂದು ನಿಮ್ಮ ಜವಾಬ್ದಾರಿ.

ಶರಣಕುಮಾರ: ಆದ್ರ ಒಂದ ಮಾತು. ನಾ ತಗಿಯೂದು ನಿಮಗ ಗೊತ್ತಾಗಬಾರದು. ಕ್ಯಾಮೆರಾ ನೋಡಬಾರದು.

ಬಾಲಮ್ಮ: ಅಷ್ಟ ಹೌದಿಲ್ಲೋ? ನೋಡದವರಂಗ ನಿಂದರ್ತೀವಿ ತಗಿ!

ಮುದುಕಿಯರು ಅಂಗಡಿಯ ಮುಂದೆ ಸಾಲಾಗಿ ನಿಂತರು. ಸೆರಗು ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು, ಎಲ್ಲರೂ ಒಟ್ಟಿಗೆ ಬಳೆ ಅಂಗಡಿಯ ಕಡೆ ಕತ್ತು ತಿರುಗಿಸಿ ಕ್ಯಾಮೆರಾ ನೋಡದವರಂತೆ ನಿಂತರು. ಶರಣಕುಮಾರ ತಲೆಯ ಮೇಲೆ ಕೈ ಹೊತ್ತ. ಕೊನೆಗೆ ಪಂಚಶೀಲಾ ಅವರನ್ನೆಲ್ಲ ಬೈದು, ಅವರವರ ಬುಟ್ಟಿಯ ಕಡೆ ಅಟ್ಟಿದಳು.

ಒಳಗೆ ದುರಗಪ್ಪ ಇನ್ನೂ ಕುಳಿತೇ ಇದ್ದ. ಸುಗಲಮ್ಮ ಬಾಗಿಲಲ್ಲಿ ಬುಟ್ಟಿ ಎತ್ತಿಕೊಳ್ಳುತ್ತಿದ್ದಳು. ಅವನು ಶರಣಕುಮಾರನ ಹತ್ತಿರ ಸರಿದು ದನಿ ತಗ್ಗಿಸಿದ.

ದುರಗಪ್ಪ: ತಮ್ಮಾ, ನಂದೂ ಒಂದ ತಗೀತಿಯೇನು?

ಶರಣಕುಮಾರ: ಅವ್ವಾರ ಬಾಜೂಕ ನಿಂದರಸೂದೇನ್ರಿ?

ದುರಗಪ್ಪ: ಅಲ್ಲೋ. ಒಬ್ಬಂದು. ಮಾಲಿ ಹಾಕಿದ್ದು. ನೌಕರಿ ಕಡಿ ಮಂದಿ, ಗೆಳ್ಯಾರು, ಬೀಗರು... ಯಾರ್ಯಾರು ಬರ್ತಾರ, ಒಂದ ಸಲ ನೋಡೂಣು ಅಂತ.

ಸುಗಲಮ್ಮನ ಕಿವಿ ಇನ್ನೂ ಚುರುಕಾಗಿತ್ತು. ಬುಟ್ಟಿ ಕೆಳಗಿಟ್ಟು ಮಗನ ಮುಖವನ್ನು ಒಂದು ಗಳಿಗೆ ಸರಿಯಾಗಿ ನೋಡಿದಳು.

ಸುಗಲಮ್ಮ: ಬ್ಯಾಡೋ ನನ್ನಪ್ಪಾ. ಯಾರೂ ಬರದಿದ್ರ ನಾ ಒಬ್ಬಾಕಿನ ಕುಂತು ಅಳಬೇಕಾಗ್ತದ.