ಅಂಜಲ್ ತಂತಿ, ಬೂತಾಯಿ ತಂತಿ

ಗಿಟಾರು ಕಲಿಯಲು ಕೂತಾಗ ನನಗೆ ಅರವತ್ತಾರು. ಈಗ ಅದಕ್ಕೆ ಮೂರು ವರ್ಷ ಆಯಿತು. ಆ ವಯಸ್ಸಿಗೆ ಹೆಂಗಸರು ಭಜನೆ ಕಲಿಯುತ್ತಾರೆ, ಇಲ್ಲವಾದರೆ ಸೊಸೆಯನ್ನು ಬಯ್ಯಲು ಕಲಿಯುತ್ತಾರೆ. ನನಗೆ ಬಯ್ಯಲು ಸೊಸೆ ಇಲ್ಲ. ಗಂಡ ಸತ್ತು ತುಂಬ ಕಾಲವಾಯಿತು, ಮಕ್ಕಳು ಆಗಲೇ ಇಲ್ಲ. ಭಜನೆಗೆ ಹೋಗಿ ನೋಡಿದೆ. ಮಲ್ಪೆ ಬಂದರಿನ ಮೀನಿನ ಏಲದಲ್ಲಿ ಕೂಗಿ ಕೂಗಿ ಬಲಿತ ಗಂಟಲು ನನ್ನದು, ದೇವರಿಗೆ ಅಷ್ಟು ಜೋರು ಬೇಡ ಎಂದು ಭಜನೆಯವರೇ ಹೇಳಿ ಕಳಿಸಿದರು.

ಬುಟ್ಟಿ ಹೊತ್ತು ಹೂಡೆಯಿಂದ ಕೆಮ್ಮಣ್ಣಿನವರೆಗೆ ಮನೆಮನೆಗೆ ಮೀನು ಮಾರುವುದು ನನ್ನ ಕೆಲಸ. ಕೊನೆಯ ಮನೆ ಅಲೆಕ್ಸ್ ಪೊರ್ಬುಗಳದ್ದು. ಕ್ರಿಶ್ಚಿಯನ್ನರನ್ನು ನಾವು ಪೊರ್ಬುಗಳು ಎನ್ನುವುದು. ಇವರು ಹಿಂದೆ ಹಡಗಿನಲ್ಲಿ ಗಿಟಾರು ಬಾರಿಸುವ ಕೆಲಸದಲ್ಲಿದ್ದವರು, ಹೆಂಡತಿ ತೀರಿದ ಮೇಲೆ ಒಬ್ಬರೇ. ನಾನು ಬುಟ್ಟಿ ಇಳಿಸಿ ನೀರು ಕುಡಿಯುವಷ್ಟು ಹೊತ್ತು ಅವರು ಜಗಲಿಯ ಬೆಂಚಿನಲ್ಲಿ ಕೂತು ಯಾವಾಗಲೂ ಒಂದೇ ಹಾಡು ಬಾರಿಸುತ್ತಿದ್ದರು. ಇಂಗ್ಲಿಷ್ ಹಾಡು, ರಾಕ್ ಅಂತೆ. ರಾಕ್ ಎಂದರೆ ಮಣಿಪಾಲದ ಕಾಲೇಜು ಮಕ್ಕಳ ಗಲಾಟೆ ಎಂದು ನಾನು ತಿಳಿದಿದ್ದೆ. ಇದು ಒಂದೊಂದೇ ತಂತಿಯನ್ನು ಬೆರಳಲ್ಲಿ ಎಳೆದು ಮೆಲ್ಲಗೆ ಬಾರಿಸುವ ರಾಕ್.

“ಅರ್ಥ ಎಂತ ಇದರದ್ದು?” ಎಂದು ಒಮ್ಮೆ ಕೇಳಿದೆ.

“ಒಬ್ಬನಿಗೆ ಬೇಸರ ಆಗಿದೆ, ಅಷ್ಟೇ.”

“ಅಷ್ಟು ಹೇಳಲಿಕ್ಕೆ ಇಷ್ಟು ಹೊತ್ತು ಬೇಕಾ?”

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಅವರ ಮನೆ ದಾರಿಯ ಕೊನೆಯಲ್ಲಿ ಇಲ್ಲ, ನಡುವಿನಲ್ಲಿ ಉಂಟು. ಸುತ್ತು ಹಾಕಿ ಅದನ್ನು ಕೊನೆಯ ಮನೆ ಮಾಡಿಕೊಂಡದ್ದು ನಾನು. ಇದನ್ನು ಯಾರಿಗೂ ಹೇಳಿರಲಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಅವರ ಬಲಗೈಗೆ ಲಕ್ವ ಹೊಡೆಯಿತು. ಹಾಡು ನಿಂತಿತು. ಜೂನ್ ಬಂತು, ಬೋಟುಗಳು ಎರಡು ತಿಂಗಳು ಕಡಲಿಗೆ ಇಳಿಯುವ ಹಾಗಿಲ್ಲ, ನನಗೂ ಕೆಲಸವಿಲ್ಲ. ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗಿ ನನಗೆ ಅಭ್ಯಾಸವಿಲ್ಲ. ಒಣಮೀನಿನ ಪೊಟ್ಟಣ ಹಿಡಿದು ಹೋದೆ. ಪೊರ್ಬುಗಳು ಗೋಡೆ ನೋಡಿಕೊಂಡು ಕೂತಿದ್ದರು. ಗಿಟಾರು ಆ ಗೋಡೆಯಲ್ಲೇ ನೇತಾಡುತ್ತಿತ್ತು.

“ಎಡಗೈ ಸರಿ ಉಂಟಲ್ಲ?” ಎಂದೆ.

“ಎಡಗೈ ಒತ್ತಲಿಕ್ಕೆ ಮಾತ್ರ ಗಿರಿಜಕ್ಕ. ಬಾರಿಸುವುದು ಬಲಗೈ.”

“ನನ್ನ ಹತ್ತಿರ ಒಂದು ಬಲಗೈ ಉಂಟು, ಎರಡು ತಿಂಗಳಿಗೆ ಖಾಲಿ.”

ಹಾಗೆ ಒಂದೇ ಬೆಂಚಿನಲ್ಲಿ ಒಂದೇ ಗಿಟಾರು ಇಟ್ಟುಕೊಂಡು ಕೂತೆವು. ಹೊಟ್ಟೆಯ ಭಾಗ ನನ್ನ ಮಡಿಲಲ್ಲಿ, ಕುತ್ತಿಗೆ ಅವರ ಎಡಗೈಯಲ್ಲಿ. ಅವರು ಒತ್ತುವುದು, ನಾನು ಎಳೆಯುವುದು. ಅವರ ಪಕ್ಕದ ಮನೆಯ ಸುಶೀಲ ಕೇಳಿಯೇ ಬಿಟ್ಟಳು, “ಎಂತ ಗಿರಿಜಕ್ಕ, ಈ ವಯಸ್ಸಿನಲ್ಲಿ ಒಂದೇ ಬೆಂಚಾ?”

“ಬೆಂಚು ಎರಡಿದ್ದರೂ ಗಿಟಾರು ಒಂದೇ ಅಲ್ವಾ ಮಾರಾಯ್ತಿ,” ಎಂದೆ.

ತಂತಿಗಳಿಗೆ ಇಂಗ್ಲಿಷ್ ಅಕ್ಷರದ ಹೆಸರು. ನಾನು ಮೂರನೇ ಕ್ಲಾಸಿನವಳು, ಕನ್ನಡ ಅಕ್ಷರವೇ ಕೆಲವು ನನ್ನನ್ನು ಕಂಡರೆ ಮುಖ ತಿರುಗಿಸುತ್ತವೆ. ಆದ್ದರಿಂದ ನನಗೆ ಬರುವ ಮೀನಿನ ಹೆಸರು ಇಟ್ಟೆ. ಎಲ್ಲಕ್ಕಿಂತ ದಪ್ಪದ್ದು ಅಂಜಲ್. ಆಮೇಲೆ ಮಾಂಜಿ, ಕಾಣೆ, ಬಂಗುಡೆ, ಬೂತಾಯಿ. ಕೂದಲಿನಷ್ಟು ತೆಳುವಾದದ್ದು ಬೊಳೆಂಜಿರ್. ಹೆಬ್ಬೆರಳಿಗೆ ಅಂಜಲ್, ಮುಂದಿನ ಮೂರು ಬೆರಳಿಗೆ ಸಣ್ಣ ಮೀನು. ಪೊರ್ಬುಗಳು ಮೊದಲು ಸಿಟ್ಟಾದರು. ವಾರ ಕಳೆಯುವುದರೊಳಗೆ ಅವರೇ “ಬಂಗುಡೆ ತಪ್ಪಿತು” ಎನ್ನತೊಡಗಿದರು.

ಕಷ್ಟ ಆದದ್ದು ತಂತಿಯಲ್ಲಿ ಅಲ್ಲ, ನಿಧಾನದಲ್ಲಿ. ಬಿಸಿಲು ಏರುವ ಮೊದಲು ಬುಟ್ಟಿ ಖಾಲಿ ಆಗಬೇಕು, ಇಲ್ಲವಾದರೆ ಮೀನು ನಾರುತ್ತದೆ. ಹುಟ್ಟಿದ ಮೇಲೆ ನನ್ನ ಕೈಗೆ ಗೊತ್ತಿರುವುದು ಅದೊಂದೇ. ಅವರು ಒಂದು ಕಡೆ ಒತ್ತಿ ಬೆರಳು ಸರಿಸುವುದರೊಳಗೆ ನಾನು ಮೂರು ಸುತ್ತು ಮುಗಿಸುತ್ತಿದ್ದೆ.

“ನೀವು ಮೀನು ಖಾಲಿ ಮಾಡಿ ಮನೆಗೆ ಹೋಗಿ ಆಯಿತು,” ಎಂದರು ಒಂದು ದಿನ. “ನಾನು ಇನ್ನೂ ಇಲ್ಲೇ ಇದ್ದೇನೆ.”

ಜುಲೈ ನಡುವಿನಲ್ಲಿ ಕಾರ್ಕಳದಿಂದ ಅವರ ತಂಗಿಯ ಫೋನು ಬಂತು. ಒಂದು ಕೈಯ ಮನುಷ್ಯ ಒಬ್ಬನೇ ಗಂಜಿ ಬೇಯಿಸುವುದು ಬೇಡ, ತಿಂಗಳ ಕೊನೆಯ ದಿನ ಕಾರು ತರುತ್ತೇನೆ, ಇನ್ನು ನನ್ನಲ್ಲೇ ಇರು ಎಂದಳಂತೆ. ನಾವು ಹಾಡನ್ನು ಒಮ್ಮೆಯೂ ಪೂರ್ತಿ ಮುಗಿಸಿರಲಿಲ್ಲ. ಹೋಗುವ ಮೊದಲು ಒಂದು ಸಲ, ಮೊದಲಿನಿಂದ ಕೊನೆಯವರೆಗೆ ಆಗಬೇಕು ಎಂದು ನನಗೆ ಹಟ ಹಿಡಿಯಿತು. ಹಟ ಹಿಡಿದ ಹಾಗೆ ಕೈ ಇನ್ನೂ ಬೇಗ ಓಡಿತು.

ಪೊರ್ಬುಗಳು ಕೇಳಿದರು, “ಬುಟ್ಟಿ ಖಾಲಿ ಆದ ಮೇಲೆ ಮನೆಗೆ ಹೇಗೆ ನಡೆಯುತ್ತೀರಿ?”

“ನಿಧಾನ. ಮನೆಯಲ್ಲಿ ಕಾಯುವವರು ಯಾರಿದ್ದಾರೆ?”

“ಹಾಗೇ ಬಾರಿಸಿ.”

ಅದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಕೊನೆಯ ದಿನ ತಂಗಿ ಒಳಗೆ ಬಟ್ಟೆ ತುಂಬುತ್ತಿದ್ದಳು, ನಾವು ಜಗಲಿಯಲ್ಲಿ ಕೂತೆವು. ಖಾಲಿ ಬುಟ್ಟಿ ಹೊತ್ತು ತೆಂಗಿನ ತೋಟದ ದಾರಿಯಲ್ಲಿ ಹೋದ ಹಾಗೆ ಹೋದೆ. ಎರಡು ಕಡೆ ಬೂತಾಯಿ ತಪ್ಪಿತು. ಆದರೂ ಹಾಡು ಕೊನೆಯವರೆಗೆ ಬಂತು. ಪೊರ್ಬುಗಳು ತಂತಿಯಿಂದ ಕೈ ತೆಗೆಯಲು ಸ್ವಲ್ಪ ಹೊತ್ತು ತೆಗೆದುಕೊಂಡರು.

“ಇದು ನಿಮ್ಮಲ್ಲೇ ಇರಲಿ,” ಎಂದರು. “ಕಾರ್ಕಳದಲ್ಲಿ ನನಗೆ ಬಲಗೈ ಎಲ್ಲಿ ಸಿಗುತ್ತದೆ?”

“ಇಲ್ಲಿ ನನಗೆ ಎಡಗೈ ಎಲ್ಲಿ ಸಿಗುತ್ತದೆ?”

ಅವರು ನಕ್ಕರು. ಕಾರು ಹೋಯಿತು. ಗಿಟಾರನ್ನು ಹಳೆ ಸೀರೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಇಟ್ಟು ಹೊತ್ತು ತಂದೆ. ಅರ್ಧ ದಾರಿಯಲ್ಲಿ ಒಬ್ಬಳು ಕೂಗಿ ಕೇಳಿದಳು, ಎಂತ ಮೀನು ಎಂದು. ಬುಟ್ಟಿ ಇಳಿಸದೆ ಮುಂದೆ ನಡೆದೆ.

ಮನೆಯಲ್ಲಿ ಒಬ್ಬಳೇ ಬಾರಿಸಿ ನೋಡಿದೆ. ಒತ್ತುವವರಿಲ್ಲದೆ ಅದು ಅವೇ ಸ್ವರಗಳಲ್ಲಿ ಸುತ್ತುತ್ತದೆ, ಮುಂದೆ ಹೋಗುವುದಿಲ್ಲ. ನನಗೆ ಗೊತ್ತಿರುವುದು ಅರ್ಧ ಹಾಡು.

ಮರುದಿನದಿಂದ ಕೆಲಸ ಶುರು. ತಂತಿ ಎಳೆಯಲು ಬಲಗೈಯ ಉಗುರು ಬಿಡಬೇಕು ಎಂದು ಪೊರ್ಬುಗಳು ಹೇಳಿದ್ದರಿಂದ ಎರಡು ತಿಂಗಳು ಬೆಳೆಸಿದ್ದೆ. ಮೀನು ಮುಟ್ಟುವ ಕೈಗೆ ಅದು ಆಗುವುದಿಲ್ಲ, ಒಳಗೆ ಹೊಲಸು ತುಂಬುತ್ತದೆ. ಬೆಳಿಗ್ಗೆ ಮಲ್ಪೆಯ ಬಸ್ಸಿಗೆ ಮೊದಲು ಬ್ಲೇಡು ಹಿಡಿದು ಹೊಸ್ತಿಲಲ್ಲಿ ಕೂತು ಒಂದೊಂದಾಗಿ ತೆಗೆದೆ. ಹೆಬ್ಬೆರಳಿನದು ಮಾತ್ರ ಬಿಟ್ಟೆ. ಮೀನಿನ ಕಿವಿರು ಎತ್ತಿ ಒಳಗಿನ ಕೆಂಪು ಗಿರಾಕಿಗಳಿಗೆ ತೋರಿಸಲು ಅದು ಅನುಕೂಲ. ಬೇರೆ ಕಾರಣ ಎಂತದ್ದೂ ಇಲ್ಲ.