ಪಕ್ಕದ ಮನೆ ಫೋಟೋದವಳು

ಸ್ವಲ್ಪ ಹತ್ತಿರ ಬನ್ನಿ. ಆ ಬಾಗಿಲು ಮುಂದಕ್ಕೆ ಮಾಡಿ. ಇದು ನಿಮ್ಮ ಹೊಟ್ಟೆಯಲ್ಲೇ ಇರಲಿ. ನಾನಂತೂ ಯಾರ ಹತ್ತಿರವೂ ಬಾಯಿ ಬಿಟ್ಟವಳಲ್ಲ. ಬಿಟ್ಟಿದ್ದರೂ ನಮ್ಮ ಬೀದಿಯವರ ಹತ್ತಿರ, ಹೆಚ್ಚೆಂದರೆ ಮೇಲಿನ ಬೀದಿಯವರ ಹತ್ತಿರ. ಇಂಥವನ್ನ ನಾನು ಹುಡುಕಿಕೊಂಡು ಹೋಗೋಳೂ ಅಲ್ಲ. ಅವೇ ಬಂದು ನನ್ನ ಕಣ್ಣಿಗೆ ಬೀಳ್ತಿದ್ದವು, ದಿನ ಬಿಟ್ಟು ದಿನ.

ಮಧುಗಿರಿಗೆ ಆಗಿನ್ನೂ ಟಿವಿ ಬಂದಿರಲಿಲ್ಲ. ನೋಡೋಕೆ ಅಂತ ನಮಗಿದ್ದದ್ದು ಬೆಟ್ಟ ಒಂದು, ನಮ್ಮ ಗೋಡೆಗೆ ಅಂಟಿಕೊಂಡಿದ್ದ ಫೋಟೋ ಅಂಗಡಿ ಒಂದು. ಬೆಟ್ಟ ದಿನಾ ಹಂಗೇ ಇರ್ತಿತ್ತು. ಅಂಗಡಿ ಯಜಮಾನನಿಗೆ ಮಾತ್ರ ನಲವತ್ತು ತುಂಬೋದರೊಳಗೆ ಕಣ್ಣು ಮಬ್ಬಾಯಿತು. ಒಂದು ದಿನ ಮದುವೆ ಜೋಡಿಯನ್ನ ಈ ಕಡೆ ಕೂರಿಸಿ, ಕ್ಯಾಮೆರಾನ ಆ ಕಡೆ ಗೋಡೆಗೆ ತಿರುಗಿಸಿ "ನಗಿ" ಅಂದನಂತೆ. ಮಾರನೇ ದಿನದಿಂದ ಅವನ ಹೆಂಡತಿ ಸೆರಗು ಸೊಂಟಕ್ಕೆ ಸಿಗಿಸಿ, ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದಳು. ಹೆಂಗಸು. ನಾನು ಬಾಯಲ್ಲಿದ್ದ ಎಲೆ ಅಡಿಕೆ ಅಗಿಯೋದೇ ಮರೆತೆ.

ಪಾವಗಡದಲ್ಲಿದ್ದ ಅವಳ ಭಾವ ಓಡಿ ಬಂದ. "ನೋಡಮ್ಮ, ಒಂದೇ ಒಂದು ಕೆಟ್ಟ ಮಾತು ನನ್ನ ಕಿವಿಗೆ ಬಿತ್ತೋ, ಕ್ಯಾಮೆರಾ ಮಾರಿ ಇಬ್ಬರನ್ನೂ ಕರಕೊಂಡು ಹೋಗ್ತೀನಿ. ನಮ್ಮ ಹಿತ್ತಲ ಕೋಣೇಲಿ ಬಿದ್ದಿರಿ" ಅಂದ. ಅವಳು "ಆಗಲಿ ಭಾವ" ಅಂದಳು. ಪಕ್ಕದ ಮನೆಯಲ್ಲಿ ನಾನಿದ್ದೀನಿ ಅಂತ ಆ ಮನುಷ್ಯನಿಗೆ ಗೊತ್ತಿರಲಿಲ್ಲ.

ಗಲ್ಲ ಮುಟ್ಟಿದ್ದು

ಐ.ಡಿ.ಹಳ್ಳಿಯಿಂದ ಒಬ್ಬ ಕುರಿ ಕಾಯೋ ಮುದುಕ ಬಂದ. ಮುದುಕರಿಗೆ ಕೊಡೋ ಪಿಂಚಣಿಗೆ ಫೋಟೋ ಬೇಕಿತ್ತಂತೆ. ಕುರ್ಚೀಲಿ ಕೂತ, ತಲೆ ಎತ್ತಲೊಲ್ಲ. ಇವಳು ನೆಟ್ಟಗೆ ಹೋಗಿ, ನಾಲ್ಕು ಜನ ನೋಡ್ತಿದ್ದಂಗೆ, ಆ ಪರಗಂಡಸಿನ ಗಲ್ಲ ಹಿಡಿದು ಮೇಲಕ್ಕೆತ್ತಿದಳು. ನಾನು ಅಂಗಡಿ ಕಿಟಕಿಯಲ್ಲೇ "ಶಿವ ಶಿವಾ" ಅಂದೆ.

ಮುದುಕ ಹೇಳಿದ: "ನಮ್ಮವ್ವ ಹೋದ್ಮೇಲೆ ಯಾರೂ ಹಿಂಗೆ ಮುಟ್ಟಿರ್ಲಿಲ್ಲ ಕಣವ್ವ." ಹಂಗೇ ನಕ್ಕೊಂಡು ಕೂತ.

ಎಂಟು ದಿನಕ್ಕೆ ಫೋಟೋ ಹಿಡಕೊಂಡು ವಾಪಸ್ ಬಂದ. "ಆಪೀಸಿನೋರು ಬ್ಯಾಡ ಅಂದ್ಬುಟ್ರು ಕಣವ್ವ. ಇದು ಹೆಣ್ಣು ನೋಡಕ್ಕೆ ಹೊಂಟೋನ ಮುಖ, ಪಿಂಚಣಿಗೆ ಆಗಕಿಲ್ಲ ಅಂತವ್ರೆ. ಈ ಸಲ ಮುಟ್ಬೇಡ, ಬೈದು ತೆಗಿ."

ಕೊರಟಗೆರೆಯ ಯಜಮಾನರು

ಪರ ಊರಿಗೆ ಹೆಂಗಸೊಬ್ಬಳೇ ಹೋಗೋಕಾಗುತ್ತಾ? "ಅಕ್ಕಾ, ಜೊತೆಗೆ ಬನ್ನಿ" ಅಂತ ನನ್ನನ್ನೇ ಕರೀತಿದ್ದಳು. ಅವಳ ಮರ್ಯಾದೆ ಕಾಯೋಕೆ ಅಂತ ನಾನೂ ಬಸ್ ಹತ್ತುತಿದ್ದೆ. ಕಿಟಕಿ ಪಕ್ಕದ ಸೀಟು ನನಗೇ.

ಕೊರಟಗೆರೆ ಹತ್ತಿರ ಒಬ್ಬ ದೊಡ್ಡ ಯಜಮಾನರು ತೀರಿಕೊಂಡಿದ್ದರು. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿ ಆಗುತ್ತೆ ಅಂತ ಬದುಕಿರೋ ತನಕ ಒಂದೂ ತೆಗೆಸಿದವರಲ್ಲ. ಇನ್ನು ಕಮ್ಮಿ ಆಗೋಕೆ ಏನೂ ಉಳಿದಿಲ್ಲವಲ್ಲ, ಮಕ್ಕಳು ಪೇಟ ಸುತ್ತಿ, ಕುರ್ಚಿಗೆ ಒರಗಿಸಿ, ಎದೆಗೆ ಟವಲು ಸುತ್ತಿ ಕುರ್ಚಿಗೇ ಕಟ್ಟಿ ಕೂರಿಸಿದ್ದರು. ಸುತ್ತ ಹದಿನೈದು ಜನ ನಿಂತು ಗೋಳೋ ಅಂತ ಅಳ್ತಿದ್ದರು.

ಇವಳ ಕ್ಯಾಮೆರಾ ಹಳೇದು. ಮುಚ್ಚಳ ತೆಗೆದು, ಮೂರು ಎಣಿಸಿ, ಮತ್ತೆ ಮುಚ್ಚಬೇಕು. ಅಷ್ಟು ಹೊತ್ತು ಎದುರಿಗಿರೋರು ಅಲ್ಲಾಡಬಾರದು. ಇವಳು ಕರಿಬಟ್ಟೆಯೊಳಗಿಂದ, ಬಾಯಿಪಾಠದಂಗೆ, "ಯಜಮಾನರೇ, ಅಲ್ಲಾಡಬೇಡಿ, ಒಂಚೂರು ನಗಿ" ಅಂದುಬಿಟ್ಟಳು. ಅಳ್ತಿದ್ದವರು ಗಕ್ಕನೆ ನಿಲ್ಲಿಸಿದರು. ಇವತ್ತು ನಮ್ಮಿಬ್ಬರಿಗೂ ಒದೆ ಬೀಳುತ್ತೆ ಅಂತ ನಾನು ಬಾಗಿಲ ಕಡೆ ಸರಿದೆ. ಮೂಲೆಯಲ್ಲಿ ಯಾರೋ ಕಿಸಕ್ ಅಂದರು, ಹದಿನೈದು ಜನರ ಭುಜವೂ ಕುಣಿಯಿತು.

ಫೋಟೋ ಬಂತು. ಬದುಕಿದ್ದವರೆಲ್ಲ ಹೊಗೆ ಹೊಗೆ, ಒಬ್ಬರ ಮೂಗು ಇನ್ನೊಬ್ಬರ ಕಿವಿಗೆ. ಯಜಮಾನರು ಒಬ್ಬರೇ ಕಡೆದಿಟ್ಟಂಗೆ ಸ್ಪಷ್ಟ. ಅವರ ಹಿರಿಸೊಸೆ ಬಹಳ ಹೊತ್ತು ನೋಡಿ ಅಂದಳು: "ಮೂವತ್ತು ವರ್ಷದಲ್ಲಿ ಮಾವನೋರು ಸುಮ್ನೆ ಕೂತಿದ್ದು ಇದೊಂದೇ ಸಲ."

ಶಿರಾದ ಕೋಟು

ಶಿರಾದ ಒಬ್ಬ ಸಾಹೇಬರ ಮನೆಯ ಅಜ್ಜಿಗೆ ಹಜ್‌ಗೆ ಹೋಗೋಕೆ ಪಾಸ್‌ಪೋರ್ಟ್ ಫೋಟೋ ಬೇಕಿತ್ತು. ಗಂಡಸು ಫೋಟೋದವನ ಮುಂದೆ ಅಜ್ಜಿ ಕೂರಲೊಲ್ಲರು. ಹಂಗಾಗಿ ಇವಳನ್ನ ಕರೆಸಿದರು. ಹೆಂಗಸರ ಕೋಣೆ, ಬಾಗಿಲು ಭದ್ರ. ಅಜ್ಜಿಯದು ಮುಗಿದದ್ದೇ ತಡ, ಸೊಸೆಯರು "ನಮ್ದೂ, ನಮ್ದೂ" ಅಂತ ಮುತ್ತಿಕೊಂಡರು. ಹಿರಿಸೊಸೆ ಅಂತೂ ಗಂಡನ ಕೋಟು, ಟೋಪಿ, ಕೈಗಡಿಯಾರ ಹಾಕಿಕೊಂಡು, ಕಣ್ಣಿಗೆ ಹಚ್ಚೋ ಸುರ್ಮಾದಲ್ಲಿ ಮೀಸೆ ಬರಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತಳು. ನಾನು ಕಣ್ಣು ಮುಚ್ಚಿಕೊಂಡೆ, ಬೆರಳ ಸಂದಿ ಬಿಟ್ಟು.

ಅಜ್ಜಿಯ ಫೋಟೋ ಒಂದು ಕವರು, ಸೊಸೆಯರದ್ದು ಇನ್ನೊಂದು. ಮುಂದಿನ ವಾರ ಗಂಡಸರ ಕೈಗೆ ಕವರು ಕೊಟ್ಟವಳು ನಾನು. ತಪ್ಪಿ ಇನ್ನೊಂದು ಕೊಟ್ಟೆ. ತಪ್ಪಿಯೇ ಕೊಟ್ಟದ್ದು, ಹಂಗೆಲ್ಲ ನೋಡಬೇಡಿ.

ಹಿರಿಸೊಸೆಯ ಗಂಡ, ದೊಡ್ಡ ಸಾಹೇಬರು, ಮೊದಲನೇ ಫೋಟೋ ಎತ್ತಿದವರೇ ಬೆಳ್ಳಗಾದರು. "ನಮ್ಮ ಹೆಂಗಸರ ಕೋಣೆ ಒಳಗೆ ಈ ಗಂಡಸು ಯಾರು?" ಇವತ್ತಿಗೆ ಅಂಗಡಿ ಮುಚ್ಚಿತು, ಪಾವಗಡವೇ ಗತಿ ಅಂದುಕೊಂಡೆ ನಾನು.

ಪರದೆ ಹಿಂದಿನಿಂದ ಹಿರಿಸೊಸೆ ತಣ್ಣಗೆ ಹೇಳಿದಳು: "ಸರಿಯಾಗಿ ನೋಡಿ ಜೀ. ಕೋಟು ನಿಮ್ದೇ."

ಕೆಂಪು ದೀಪ

ಇಷ್ಟು ಸಾಲದು ಅಂತ ಅಂಗಡಿಯೊಳಗೆ ಒಂದು ಕತ್ತಲೆ ಕೋಣೆ, ಫೋಟೋ ತೊಳೆಯೋಕೆ. ಒಳಗೆ ಕೆಂಪು ದೀಪ. ಗಂಡ ಮನೇಲಿ ಮಲಗಿದ್ದಾನೆ ಅಂತ ಇವಳು ಕೇಳಿದವರಿಗೆಲ್ಲ ಹೇಳ್ತಿದ್ದಳು. ಒಂದು ಮಧ್ಯಾಹ್ನ ಆ ಕೋಣೆಯೊಳಗೆ ಚಿಲಕ ಹಾಕಿಕೊಂಡು ಯಾವನೋ ಗಂಡಸು ಪಿಸುಪಿಸು ಅಂತಿದ್ದ. ಇವಳು ನಗ್ತಿದ್ದಳು. ನಲ್ಲಿ ಹತ್ತಿರ ಒಬ್ಬಳಿಗೆ ಹೇಳಿದೆ, ಒಬ್ಬಳಿಗೇ. ಅವಳು ಬಾಯಿಬಡುಕಿ ಅಂತ ನನಗೆ ಗೊತ್ತಿತ್ತು, ಅದು ಬೇರೆ ಮಾತು.

ವಾರದೊಳಗೆ ಅಂಗಡಿಗೆ ಹೆಣ್ಣುಮಕ್ಕಳು ಬರೋದು ನಿಂತಿತು. ಹೆಣ್ಣುಮಕ್ಕಳ ಮೊಗ್ಗಿನ ಜಡೆ ಫೋಟೋನೇ ಆ ಮನೆಯ ಅನ್ನ. ಸುದ್ದಿ ಪಾವಗಡಕ್ಕೂ ಮುಟ್ಟಿತು. ಭಾವ ಕ್ಯಾಮೆರಾ ಕೊಳ್ಳೋನನ್ನ ಜೊತೆಗೇ ಕರಕೊಂಡು ಬಂದಿಳಿದ.

ಕನ್ನಡಿ

ಭಾವ ಕ್ಯಾಮೆರಾದ ಕಾಲು ಮಡಚುತ್ತಿದ್ದಾನೆ, ಇವಳು ಕಂಬ ಹಿಡಕೊಂಡು ನಿಂತಿದ್ದಾಳೆ. ಅಷ್ಟರಲ್ಲಿ ಪಾವಗಡ ಕಡೆಯ ಒಬ್ಬ ಹೆಂಗಸು ಬೀದೀಲಿ ಎದೆ ಬಡಕೊಂಡು ಬಂದಳು. ಸುದ್ದಿ ಹಬ್ಬೋಕೆ ಎರಡು ದಿನ ಮುಂಚೆ ಅವಳ ಬಸುರಿ ಸೊಸೆಗೆ ಇಲ್ಲಿ ಮೊಗ್ಗಿನ ಜಡೆ ಫೋಟೋ ತೆಗೆಸಿದ್ದರು. ಆ ಫೋಟೋಗೆ ಹುಡುಗಿ ಹಿಂದೆ ದೊಡ್ಡ ಕನ್ನಡಿ ಓರೆಯಾಗಿ ಇಡ್ತಾರೆ. ಮುಂದೆ ಮುಖ, ಕನ್ನಡಿಯಲ್ಲಿ ಜಡೆ, ಎರಡೂ ಬರಬೇಕಲ್ಲ.

"ದೆಯ್ಯಂ! ನಮ್ಮ ಪಿಲ್ಲ ಹಿಂದೆ ಕನ್ನಡಿ ಒಳಗೆ ದೆಯ್ಯಂ ನಿಂತೈತೆ" ಅಂತ ಅತ್ತೆ ತನ್ನ ಊರಿನ ತೆಲುಗು ಬೆರೆಸಿ ಕೂಗಿದಳು.

ದೆವ್ವ. ನನಗಿನ್ನೇನು ಬೇಕು? ಜಗಲಿ ಹತ್ತಿ ನಿಂತೆ. "ನಾನು ಮೊದಲೇ ಹೇಳಲಿಲ್ವಾ? ಚಿಲಕ ಹಾಕಿಕೊಂಡು ಆಡೋ ಆಟಕ್ಕೆ ಪೀಡೆ ಬರದೆ ಲಕ್ಷ್ಮಿ ಬರ್ತಾಳಾ? ತೋರಿಸ್ರೇ ಎಲ್ಲರಿಗೂ, ಆ ಮುಖ ಹೆಂಗಿದೆ ನೋಡಲಿ."

ಫೋಟೋ ಕೈಯಿಂದ ಕೈಗೆ ಹೋಯಿತು. ನೋಡಿದವರೆಲ್ಲ ಒಂದು ಸಲ ಫೋಟೋ ನೋಡೋರು, ಒಂದು ಸಲ ನನ್ನ ನೋಡೋರು. ಕೊನೆಗೆ ನನ್ನ ಕೈಗೆ ಬಂತು. ಜಡೆ ಪಕ್ಕದಲ್ಲೇ, ಅಂಗಡಿ ಕಿಟಕಿಯ ಸರಳು ಹಿಡಿದು, ಒಂದು ಕಣ್ಣು ಮುಚ್ಚಿ, ಸೆರಗು ಬಾಯಲ್ಲಿ ಕಚ್ಚಿಕೊಂಡು, ಅವತ್ತು ಬಕೆಟ್ ಬೋರಲು ಹಾಕಿ ಹತ್ತಿ ನಿಂತಿದ್ದ ನಾನು.

"ದೆಯ್ಯಂ ಕಾದು, ಮನಿಷೇ" ಅಂತ, ದೆವ್ವ ಅಲ್ಲ ಮನುಷ್ಯಳೇ ಅಂತ, ಪಾವಗಡದ ಅತ್ತೆ ಸಮಾಧಾನದ ಉಸಿರು ಬಿಟ್ಟಳು. ನಾನು ಬಿಡ್ತೀನಾ? "ಹಂಗಾದ್ರೆ ಒಳಗಿದ್ದ ಗಂಡಸು ಯಾರು? ಅದನ್ನ ಹೇಳಲಿ ಮೊದಲು" ಅಂದೆ.

ಕತ್ತಲೆ ಕೋಣೆಯ ಚಿಲಕ ತೆಗೆದು ಹೊರಗೆ ಬಂದ ಗಂಡಸು. ಅವಳ ಗಂಡ. ಕೈಯಿಂದ ಫೋಟೋ ತೊಳೆಯೋ ಔಷಧಿ ನೀರು ತೊಟ್ಟಿಕ್ಕುತ್ತಿತ್ತು. "ಕಣ್ಣಿಲ್ಲದೋನು ಫೋಟೋ ತೊಳೀತಾನೆ ಅಂದರೆ ಯಾರು ಬರ್ತಾರೆ ಅಂತ ಹೇಳಿರಲಿಲ್ಲ. ಬೆಳಕಲ್ಲಿ ನನಗೆ ಕಾಣಲ್ಲ, ಅಣ್ಣ. ಕತ್ತಲಲ್ಲಿ ಯಾರಿಗೂ ಕಾಣಲ್ಲ. ಅದಕ್ಕೇ ಅಲ್ಲಿ ಕೆಲಸಕ್ಕೆ ಸೇರಿಕೊಂಡೆ" ಅಂದ.

ಭಾವ ತಾನೇ ಮಡಚಿದ್ದ ಕಾಲನ್ನ ಒಂದೊಂದಾಗಿ ಬಿಡಿಸಿ, ಕ್ಯಾಮೆರಾನ ಮೊದಲಿದ್ದ ಜಾಗದಲ್ಲೇ ನಿಲ್ಲಿಸಿ, ಕೊಳ್ಳೋಕೆ ಬಂದವನ ಜೊತೆ ಮೂರು ಗಂಟೆ ಬಸ್ಸಿಗೆ ಹೋದ.

ಜನ ಕರಗಿದ ಮೇಲೆ ನಾನು ಅವಳ ಹತ್ತಿರ ಹೋದೆ. ಬೈತಾಳೆ, ಬೈದರೆ ತಿರುಗಿ ಬೈಯೋಣ ಅಂತ ನಾಲಿಗೆ ಮಸೆದುಕೊಂಡೇ ಹೋದೆ. ಅವಳು ಫೋಟೋನ ಸೆರಗಿನಿಂದ ಒರೆಸಿ, ನನ್ನ ಮುಖಕ್ಕೂ ಅದಕ್ಕೂ ತಾಳೆ ನೋಡಿ, ತಣ್ಣಗೆ ಹೇಳಿದಳು:

"ಇಷ್ಟು ವರ್ಷಕ್ಕೆ ನನ್ನ ಕ್ಯಾಮೆರಾ ಮುಂದೆ ಒಂಚೂರೂ ಅಲ್ಲಾಡದೆ ಇದ್ದವರು ಇಬ್ಬರೇ ಕಣಕ್ಕಾ. ಕೊರಟಗೆರೆಯ ಆ ಹೆಣ, ಆಮೇಲೆ ನೀವು."