ಬೇತ್ಸಾಯಿದದ ಎರಡು ದಿನ್ನೆಗಳು

ಅನಸೂಯಕ್ಕ ಆ ಒಂದು ಪ್ರಶ್ನೆ ಕೇಳದೆ ಇದ್ದಿದ್ದರೆ ಸುಮುಖ್ ಇಡ್ಲಿ ಮುಗಿಸಿ, ಕೈ ತೊಳೆದು ಸುಮ್ಮನೆ ಎದ್ದು ಹೋಗುತ್ತಿದ್ದ.

ತುಮಕೂರಿನ ಹುಡುಗ, ವಡೋದರಾದಲ್ಲಿ ಪುರಾತತ್ವ ಓದುತ್ತಿದ್ದ. ಅವನ ವಿಭಾಗದ ತಂಡ ಇಸ್ರೇಲಿಗೆ ಉತ್ಖನನಕ್ಕೆ ಹೊರಟಿತ್ತು. ಒಂದೇ ಜಾಗ ಖಾಲಿ. ಬೈಬಲ್ಲಿನ ಬೇತ್ಸಾಯಿದ ಎಂಬ ಊರು ಎಲ್ಲಿತ್ತೆಂದು ಅಂದು ಮೂರು ಗಂಟೆಗೆ ಚೆನ್ನಾಗಿ ಮಂಡಿಸಿದವರಿಗೆ ಆ ಜಾಗ. ಎರಡು ವರ್ಷದಿಂದ ಅವನು ಅದಕ್ಕೇ ಕಾದಿದ್ದ. ಪಾಪ, ಪಾಸ್‌ಪೋರ್ಟನ್ನು ದಿಂಬಿನಡಿ ಇಟ್ಟುಕೊಂಡೇ ಮಲಗುತ್ತಿದ್ದ.

"ಬೇತ್ಸಾಯಿದ ಅಂದ್ರೆ ಎಂತ?" ಸಾಂಬಾರು ಬಡಿಸುತ್ತ ಅನಸೂಯಕ್ಕ ಕೇಳಿದರು. ವಡೋದರಾದ ಅಲ್ಕಾಪುರಿ ಬಡಾವಣೆಯ ಆ ಸಸ್ಯಾಹಾರಿ ಹೋಟೆಲು ಅವರ ಗಂಡ, ಗಂಗೊಳ್ಳಿಯ ದೊಡ್ಡಣ್ಣ ಶೆಟ್ಟರದು.

"ಮೀನುಗಾರಿಕೆಯ ಮನೆ ಅಂತ ಅಕ್ಕ. ಎರಡು ದಿನ್ನೆ ಇದಾವೆ. ಒಂದು ಅಲ್ಲಿನ ಸರೋವರದ ದಡದಲ್ಲೇ, ಇನ್ನೊಂದು ಎರಡು ಕಿಲೋಮೀಟರ್ ಮೇಲೆ. ಮೇಲಿನದ್ದೇ ನಿಜವಾದ ಊರು ಅಂತ ನನ್ನ ವಾದ."

ಅನಸೂಯಕ್ಕ ಸೌಟು ಕೆಳಗಿಟ್ಟರು. "ಬಲೆ ಹೊತ್ಕಂಡ್ ಎರಡು ಕಿಲೋಮೀಟರ್ ಹತ್ತುದ್ ಯಾರ್ ಮಾರಾಯಾ? ನಮ್ಮಲ್ಲಿ ಮೀನು ಹಿಡಿಯೋರು ಅಂಗಳದಲ್ಲೇ ಬಲೆ ಒಣಗ್ಸ್ತ್ರ್."

"ಆಗ ನೀರು ಅಲ್ಲಿವರೆಗೂ ಇತ್ತಂತೆ ಅಕ್ಕ."

"ಅಂತೆ ಅಂದ್ರೆ? ನೀನ್ ಕಂಡಿದ್ಯಾ?"

ಮೀನು ಎನ್ನುವಾಗ ಅನಸೂಯಕ್ಕ ಕೈಯಲ್ಲೇ ಮೀನಿನಾಕಾರ ಮಾಡಿ ತೋರಿಸಿದ್ದು ಪಕ್ಕದ ಮೇಜಿನ ಜೈನ ಕಾಕಾನ ಕಣ್ಣಿಗೆ ಬಿತ್ತು. ಇಲ್ಲಿ ಮೀನೂ ಇದೆಯೇ ಎಂದು ಗಾಬರಿಯಾಗಿ ಅವರು ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. "ಶೇಠ್‌ಜೀ, ಯಹಾಂ ಮಛಲೀ?"

ಶೆಟ್ಟರು ಗಲ್ಲಾದಿಂದ ಓಡಿ ಬಂದರು. "ಇಸ್ರೇಲ್ ಕೀ ಮಛಲೀ, ಕಾಕಾ! ಹಮಾರೀ ನಹೀಂ!" ಕಾಕಾ ನಂಬದೆ ಹೊರಟೇ ಹೋದರು. ಶೆಟ್ಟರು ಮೇಜಿನ ಮೇಲಿದ್ದ ಸುಮುಖನ ಲ್ಯಾಪ್‌ಟಾಪ್ ಮಡಚಿ ಅವನ ಕಂಕುಳಿಗೇ ತುರುಕಿದರು. "ನಿನ್ನ ಬೈಬಲ್ ನಮ್ಮ ಹೋಟೆಲ್ ಮುಚ್ಚಿಸ್ತದೆ. ಹೊರಡು!"

ಅವನಿಗೆ ಅವಮಾನಕ್ಕಿಂತ ಭಯವೇ ಹೆಚ್ಚಾಯಿತು. ಅಕ್ಕ ಕೇಳಿದ ಪ್ರಶ್ನೆಗೆ ಅವನ ನಲವತ್ತು ಪುಟದ ಪ್ರಬಂಧದಲ್ಲಿ ಉತ್ತರವಿರಲಿಲ್ಲ. ಗ್ರಂಥಾಲಯಕ್ಕೆ ಓಡಿದ. ಊಟ ಬಿಟ್ಟ. ದಡದ ದಿನ್ನೆಯ ವರದಿಗಳನ್ನೆಲ್ಲ ಹುಡುಕಿ, ತನ್ನ ವಾದವನ್ನೂ ಸ್ಲೈಡುಗಳನ್ನೂ ತಲೆಕೆಳಗು ಮಾಡಿ, ಮೂರಕ್ಕೆ ಐದು ನಿಮಿಷವಿದ್ದಾಗ ಬೆವರುತ್ತ ಸಭಾಂಗಣ ಸೇರಿದ.

ಮಾತಾಡಿದ, ಮೈಮರೆತು ಮಾತಾಡಿದ. ದೋಣಿ, ಬಲೆ, ದಡ, ಅಂಗಳ ಎಲ್ಲ ಕಣ್ಣಿಗೆ ಕಟ್ಟುವಂತೆ ವಿವರಿಸಿ, ಮೇಲಿನ ದಿನ್ನೆ ಬೇತ್ಸಾಯಿದ ಆಗಿರಲು ಸಾಧ್ಯವೇ ಇಲ್ಲ ಎಂದು ಮೇಜು ಕುಟ್ಟಿ ಸಾಧಿಸಿದ. ಪರೀಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅನುದಾನ ಕೊಡುವ ಟ್ರಸ್ಟಿನ ಹಿರಿಯರಂತೂ ಅವನ ಎರಡೂ ಕೈ ಹಿಡಿದು ಕುಲುಕಿದರು. ಸುಮುಖನಿಗೆ ಕಣ್ಣು ತುಂಬಿ ಬಂತು.

ಅರ್ಧ ಗಂಟೆಯ ಮೇಲೆ ಅವನ ಸಂಶೋಧನಾ ಗೈಡ್ ಮೇದಿನಿ ಮೇಡಂ ಹೊರಗೆ ಬಂದರು. ಅವರ ಮುಖ ಸಪ್ಪಗಿತ್ತು.

"ಆಯ್ಕೆ ಆಗಿದ್ದೀಯಪ್ಪ. ಎಲ್ಲರೂ ಒಮ್ಮತದಿಂದ ನಿನ್ನ ಹೆಸರೇ ಹೇಳಿದ್ರು."

"ಯಾವತ್ತು ಹೊರಡೋದು ಮೇಡಂ?"

"ವಾದಕ್ಕೆ ಅಡ್ಡಿ ಆಗ್ಬಾರ್ದು ಅಂತ ನಿಮಗೆ ಹೇಳಿರ್ಲಿಲ್ಲ, ನಮಗೆ ಅಗೆಯೋಕೆ ಅನುಮತಿ ಸಿಕ್ಕಿದ್ದು ಮೇಲಿನ ದಿನ್ನೆಗೆ ಕಣೋ," ಎಂದರು ಮೇದಿನಿ ಮೇಡಂ. "ಅಲ್ಲಿ ಬೇತ್ಸಾಯಿದ ಇಲ್ಲ ಅಂತ ನಿನ್ನಿಂದ ಖಾತ್ರಿ ಆಯ್ತಂತೆ. ಟ್ರಸ್ಟಿನವರು ಪ್ರಯಾಣವನ್ನೇ ರದ್ದು ಮಾಡಿದ್ರು."